ಜಗಳಕ್ಕೆಂದು ಹೋದ ಬೇಸ್‌ಬಾಲ್ ಆಟ

ಕೊಲ್ಲಿ ದೇಶದ ಹಮ್ರಿಯಾದ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಜಾಗವಿತ್ತು, ಗಂಡ ಹೆಂಡತಿ ಜಗಳವಾಡಲು ಮಾತ್ರ ಇರಲಿಲ್ಲ. ಎರಡು ಕೋಣೆಯ ಫ್ಲ್ಯಾಟು; ಒಂದರಲ್ಲಿ ನಾವು ಮೂವರು, ಇನ್ನೊಂದರಲ್ಲಿ ಮೂಡುಬಿದಿರೆ ಕಡೆಯ ಗಂಡ ಹೆಂಡತಿ. ನಾವು ಸ್ವಲ್ಪ ದನಿ ಎತ್ತಿದರೆ ಸಾಕು, ಗೋಡೆಯಾಚೆ ಟೀವಿಯ ಸದ್ದು ಮೆಲ್ಲನೆ ಕಡಿಮೆಯಾಗುತ್ತಿತ್ತು.

ಆಗ ಜಗಳಕ್ಕೆ ತಕ್ಕ ವಿಷಯವೂ ಇತ್ತು. ನಾನು ಆಸ್ಪತ್ರೆಯಲ್ಲಿ ನರ್ಸು, ಹೆಚ್ಚಾಗಿ ರಾತ್ರಿ ಪಾಳಿ. ಇವರದು ಅಮೆರಿಕನ್ನರ ಕಂಪೆನಿಯ ಆಫೀಸು. ಬೆಳಿಗ್ಗೆ ಒಮ್ಮೆ, ಸಂಜೆ ಮತ್ತೊಮ್ಮೆ ಹೋಗಬೇಕು. ಹಗಲು ನಾನು ಮಲಗಿದಾಗ ನಾಲ್ಕು ವರ್ಷದ ಮಗಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಕೋಣೆಯ ಅಕ್ಕ. ಅವರೀಗ ಹೆರಿಗೆಗೆ ಊರಿಗೆ ಹೊರಟಿದ್ದರು. ಮಗುವನ್ನು ಅವರ ಜೊತೆ ಕಳಿಸಿ ಅತ್ತೆಯ ಬಳಿ ಬಿಡೋಣ ಎಂದು ಇವರು, ಸಾಧ್ಯವೇ ಇಲ್ಲ ಎಂದು ನಾನು. ಶನಿವಾರ ಟಿಕೆಟ್ ಮಾಡಿಸಬೇಕಿತ್ತು. ನಾವಿಬ್ಬರೂ ಕೂತು ಮಾತಾಡಿರಲೇ ಇಲ್ಲ.

ಅಷ್ಟರಲ್ಲಿ ಇವರ ಸಾಹೇಬರು ಗುರುವಾರ ಸಂಜೆ ಬೇಸ್‌ಬಾಲ್ ನೋಡಲು ಎಲ್ಲರನ್ನೂ ಕರೆದರು. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಹತ್ತಿರದ ಬಯಲಿನಲ್ಲಿ ಅಮೆರಿಕನ್ನರು ಅವರವರೇ ಎರಡು ತಂಡ ಮಾಡಿಕೊಂಡು ಆಡುವ ಆಟ. ಹೋಗಲೇಬೇಕೆಂದು ಹಟ ಹಿಡಿದವಳು ನಾನು. ಅಲ್ಲಿ ನಮ್ಮ ಮಾತು ಯಾರಿಗೂ ತಿಳಿಯುವುದಿಲ್ಲ, ಮನಸ್ಸು ಬಿಚ್ಚಿ ಜಗಳವಾಡಬಹುದು ಎಂಬುದು ನನ್ನ ಲೆಕ್ಕಾಚಾರ. ಮಗಳನ್ನು ಅಕ್ಕನ ಬಳಿ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಟ್ಯಾಕ್ಸಿ ಹತ್ತಿದೆ. ಹಿಂದಿನ ರಾತ್ರಿಯ ಪಾಳಿ ಮುಗಿಸಿ ಬಂದವಳು ಮಲಗಿರಲಿಲ್ಲ. ಆಡಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡೆ. ಎಲ್ಲಕ್ಕಿಂತ ದೊಡ್ಡದು ಇದು: ರಾತ್ರಿ ದುಡಿದು ಬಂದರೂ ಹಗಲು ನಾನೇ ಮಗುವನ್ನು ನೋಡಿಕೊಳ್ಳಬಲ್ಲೆ, ನನಗೆ ನಿದ್ದೆ ಅಷ್ಟೇನೂ ಬೇಡ.

ಹಲಗೆ ಬೆಂಚಿನ ಮೇಲೆ ಕೂತೆವು. ದೊಡ್ಡ ದೀಪಗಳ ಕೆಳಗೆ ಧೂಳು ಏಳುತ್ತಿತ್ತು. ಕ್ರಿಕೆಟ್ ಹುಚ್ಚಿನ ಇವರು ಆಟ ವಿವರಿಸಲು ಹೊರಟು ಎರಡೇ ನಿಮಿಷದಲ್ಲಿ ದಾರಿ ತಪ್ಪಿದರು. ಇಷ್ಟು ದೊಡ್ಡ ಚರ್ಮದ ಗವಸು ಹಾಕಿಕೊಂಡರೆ ನಮ್ಮ ಅತ್ತೆಯೂ ಕ್ಯಾಚ್ ಹಿಡಿದಾರು ಎಂದೆ. ಇವರು ನಕ್ಕರು. ಅತ್ತೆಯ ಹೆಸರು ಬಂತಲ್ಲ, ಇಲ್ಲಿಂದಲೇ ಶುರು ಮಾಡೋಣ ಎಂದುಕೊಂಡೆ. ಒಬ್ಬ ಬ್ಯಾಟು ಬೀಸಿದ, ಚೆಂಡು ಸಿಗಲಿಲ್ಲ. ಮತ್ತೆ ಬೀಸಿದ.

ನೆನಪಿರುವುದು ಅಷ್ಟೇ. ಕಣ್ಣು ಬಿಟ್ಟಾಗ ನನ್ನ ತಲೆ ಇವರ ಭುಜದ ಮೇಲಿತ್ತು, ಜನ ತಾವು ತಂದಿದ್ದ ಕುರ್ಚಿ ಮಡಚುತ್ತಿದ್ದರು. ಇವರೂ ಆಗಷ್ಟೇ ಎಚ್ಚರವಾಗಿ ಕಣ್ಣುಜ್ಜಿಕೊಳ್ಳುತ್ತಿದ್ದರು.

"ಯಾರು ಗೆದ್ದದ್ದು?" ಎಂದು ಕೇಳಿದೆ.

"ಗೊತ್ತಿಲ್ಲ ಮಾರಾಯ್ತಿ. ನಂಗೂ ನಿದ್ದೆ ಬಂತು."

ನನಗೆ ನನ್ನ ಮೇಲೆಯೇ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ಗದ್ದಲದಲ್ಲಿ, ಅಂಥ ವಿಷಯ ಮಾತಾಡಲು ಬಂದವಳು ಎಚ್ಚರವಿರಲಾರದೆ ಹೋದೆ. ನೋಡಿದೆಯಾ, ನಿನ್ನಿಂದ ಆಗುವುದಿಲ್ಲ ಎಂದು ಇವರು ಹೇಳಲಿ ಎಂದು ಕಾದೆ. ಹೇಳಿದ್ದರೆ ಉರಿದು ಬೀಳುತ್ತಿದ್ದೆ, ಬಹುಶಃ ಗೆಲ್ಲುತ್ತಲೂ ಇದ್ದೆ. ಇವರು ಜೋಮು ಹಿಡಿದ ತೋಳನ್ನು ತಿಕ್ಕಿಕೊಳ್ಳುತ್ತಾ ನನ್ನ ಸೆರಗಿನ ಧೂಳು ಕೊಡವಿದರು.

ಟ್ಯಾಕ್ಸಿಯಲ್ಲಿ ನಾನೇ ಹೇಳಿದೆ, "ಶನಿವಾರ ಮಗುವಿನ ಟಿಕೆಟ್ ಮಾಡಿಸಿ."

ಇವರು ಹೂಂ ಎಂದರು. ಆ ದನಿಯಲ್ಲಿ ಗೆದ್ದ ಲಕ್ಷಣವೇನೂ ಇರಲಿಲ್ಲ.

ಮಗಳು ಅಕ್ಕನ ಮಂಚದ ಮೇಲೆ ಮಲಗಿದ್ದಳು. ಎತ್ತಿಕೊಂಡು ಬಂದು ನಮ್ಮಿಬ್ಬರ ನಡುವೆ ಹಾಕಿಕೊಂಡೆ. ನಾವು ಜಗಳವಾಡಲೆಂದೇ ಹೋದದ್ದು ಅಕ್ಕನಿಗೆ ಗೊತ್ತಿತ್ತೋ ಏನೋ, ಗೋಡೆಯಾಚೆ ಟೀವಿಯ ಸದ್ದು ಮೆಲ್ಲನೆ ಕಡಿಮೆಯಾಯಿತು. ನಾನು ದೀಪ ಆರಿಸಿದೆ. ಆ ರಾತ್ರಿ ಮಾತ್ರ ನನಗೆ ನಿದ್ದೆ ಬರಲಿಲ್ಲ.