ಕಾಬೂಲಿಗೆ ಹೋಗಿ ಬಂದ ನರ್ಸಬಾಯಿ

ಎಪ್ಪತ್ತರ ದಶಕದಲ್ಲಿ ಕುಷ್ಟಗಿಯ ನಮ್ಮ ಪಕ್ಕದ ಮನೆಯಲ್ಲಿ ಸರಕಾರಿ ದವಾಖಾನೆಯ ನರ್ಸಬಾಯಿ ಒಬ್ಬರೇ ಇದ್ದರು. ವರ್ಷವಿಡೀ ರಜೆ ಉಳಿಸಿ, ಒಮ್ಮೆಲೇ ತೆಗೆದುಕೊಂಡು ದೇಶ ದಾಟುತ್ತಿದ್ದರು. ಒಂದು ಸಲ ನೇಪಾಳ, ಇನ್ನೊಂದು ಸಲ ಸಿಲೋನ್. ಖಾಕಿ ಚೀಲವನ್ನು ಬೆನ್ನಿಗೇರಿಸಿ, ಸೆರಗನ್ನು ಸೊಂಟಕ್ಕೆ ಸಿಗಿಸಿ, “ಒಂದೀಟು ನೋಡಿ ಬರ್ತೀನ್ರಿ ವೈನಿ” ಎಂದು ಸಂತೆಗೆ ಹೊರಟವರ ಹಾಗೆ ಅವ್ವನ ಕೈಗೆ ಕೀಲಿ ಕೊಡುತ್ತಿದ್ದರು. “ಒಬ್ಬಾಕಿ ಹ್ಯಾಂಗ ಹೋಗ್ತಾಳವ್ವಾ!” ಎಂದು ಓಣಿಗೆ ಓಣಿಯೇ ಬೆರಗಾಗುತ್ತಿತ್ತು.

ಒಮ್ಮೆ ಕಾಬೂಲಿಗೆ ಹೋದವರು ಹೇಳಿದ ದಿನಕ್ಕೆ ಬರಲಿಲ್ಲ. ಅವ್ವನಿಗೆ ಊಟ ಸೇರದಾಯಿತು. ಕೊನೆಗೊಂದು ಮುಂಜಾನೆ ಬಂದೇಬಿಟ್ಟರು. ಮುಖ ಚಳಿಗೆ ಒಡೆದು ಕಪ್ಪಾಗಿತ್ತು. ಸೀದಾ ನಮ್ಮ ಅಡಿಗೆಮನೆಗೆ ಬಂದು ಒಲೆಯ ಮುಂದೆ ಕುಳಿತರು.

“ಹಿಮಾ ಬಿದ್ದು ಗುಡ್ಡದಾಗ ಬಸ್ಸು ನಿಂತುಬಿಡ್ತು ವೈನಿ. ಅದರಾಗಿದ್ದ ಒಬ್ಬಾಕಿ ಬಸುರಿಗೆ ಬ್ಯಾನಿ ಸುರು ಆತು. ಆಕಿ ಮಾತು ನನಗ ತಿಳೀದು, ನನ್ನ ಮಾತು ಆಕಿಗೆ ತಿಳೀದು. ಗಂಡಸರನ್ನೆಲ್ಲಾ ಹಿಮದಾಗ ಇಳಿಸಿ, ನನ್ನ ಸೀರಿ ಹಾಸಿ ಹೆರಿಗಿ ಮಾಡಿಸಿದೆ.”

“ಕೂಸು?” ರೊಟ್ಟಿ ಮಾಡುತ್ತಿದ್ದ ಅವ್ವ ಅವರತ್ತ ಪೂರ್ತಿ ತಿರುಗಿದಳು.

“ಹೆಣ್ಣು. ಛಲೋ ಅದಾಳ. ಹುಟ್ಟಿದ ಕೂಡ್ಲೆ ನಮ್ಮ ಕುಷ್ಟಗಿ ಕೂಸಿನಂಗ ಅತ್ತಳು ನೋಡ್ರಿ.”

ಬಾಯಿ ತೆರೆದು ಕೇಳುತ್ತಿದ್ದ ಅವ್ವನಿಗೆ ಹಂಚಿನ ಮೇಲಿನ ಜೋಳದ ರೊಟ್ಟಿ ಹೊತ್ತಿದ್ದು ಗೊತ್ತಾಗಲಿಲ್ಲ. ಬೇರೆ ರೊಟ್ಟಿ ಬಡಿಯಲು ಗಡಬಡಿಸಿ ಹಿಟ್ಟಿಗೆ ಕೈ ಹಾಕಿದಳು. ನರ್ಸಬಾಯಿ ತಾಟು ಮುಂದೆ ಚಾಚಿದರು.

“ಆ ಹೊತ್ತಿದ್ದನ್ನ ಹಾಕ್ರಿ ವೈನಿ. ಆ ಹಿಮದಾಗ ಈ ರೊಟ್ಟಿ ವಾಸನಿ ನೆನಿಸಿಕೊಂಡೇ ಜೀವಾ ಹಿಡಕೊಂಡಿದ್ದೆ.”