ಕಂಪಲಾಪುರದ ಮದುವೆ ವಿಡಿಯೋದಲ್ಲಿ ನಾಚಿದವರು ಯಾರು

ಗೆಳೆಯರೇ, ಕಾಲೇಜಿನಲ್ಲಿ ಓದುತ್ತಿರುವ ಮಾಧ್ಯಮ ಸಿದ್ಧಾಂತ ಇವತ್ತು ಕಂಪಲಾಪುರದ ಕಲ್ಯಾಣ ಮಂಟಪದಲ್ಲಿ ಕೆಲಸಕ್ಕೆ ಬಂತು! ಚಿಕ್ಕಮ್ಮನ ಮಗಳು ಸವಿತಾಳ ಮದುವೆ. ವಿಡಿಯೋದಲ್ಲಿ ಹಾಡು ಸೇರಿಸುವ ಭಾಗಕ್ಕೆಂದು ವಿಡಿಯೋದವನು ಅವಳಿಗೆ, "ಹೂ ಮೂಸಿ ಮೇಡಂ, ಕತ್ತು ತಿರುಗಿಸಿ, ನಾಚ್ಕೊಳ್ಳಿ" ಎನ್ನುತ್ತಿದ್ದ.

"ನಂಗಾಗಲ್ಲ ಕಣಕ್ಕಾ, ಈ ಸೀಡಿ ಊರೆಲ್ಲಾ ನೋಡ್ತದೆ" ಎಂದು ಸವಿತಾ ನನ್ನ ಕೈ ಹಿಡಿದಳು.

ನಾನು ವಿಡಿಯೋದವನಿಗೆ ಹೇಳಿದೆ: "ಹಾಡಿನ ವಿಡಿಯೋಗಳಲ್ಲಿ ಯಾವಾಗಲೂ ಗಂಡು ನೋಡುತ್ತಾನೆ, ಹೆಣ್ಣು ನೋಡಿಸಿಕೊಳ್ಳುತ್ತಾಳೆ. ಇವತ್ತು ಅದಲುಬದಲು ಮಾಡಿ."

"ಅಂಗಾರೆ ಹೂವ ಗಂಡಿಗೆ ಕೊಡ್ಲಾ?" ಎಂದು ನಕ್ಕ.

"ಕೊಡಿ" ಎಂದಳು ಸವಿತಾ.

ಮದುಮಗ ಹೂ ಮೂಸಿದ, ನಾಚಿದ. ಸವಿತಾ ಕಂಬಕ್ಕೊರಗಿ ಅವನನ್ನೇ ದಿಟ್ಟಿಸಿದಳು. ವಿಡಿಯೋದವನು ಮುಗಿಯಿತೆಂದರೂ ಮದುಮಗ ಕದಲಲಿಲ್ಲ: "ಇನ್ನೊಂದ್ಸಲ ತೆಗೀರಿ, ಕತ್ತು ಸರಿಯಾಗಿ ತಿರುಗ್ಲಿಲ್ಲ."

ಇಂಥ ಗಂಡಿನ ಬಗ್ಗೆ ನಮ್ಮ ಪಠ್ಯದಲ್ಲಿ ಒಂದು ಸಾಲೂ ಇಲ್ಲ.