ಸುರೇಖಾಳ ಡ್ರಿಲ್ಲಿಂಗ್ ಮಷೀನು

ತಾವರಗೇರಾದ ಸಂತೆ ಬಯಲಿನ ಹಿಂದೆ ಗೇಟು, ಕಿಟಕಿ ಮಾಡಿಕೊಡುವ ಸುರೇಖಾಳ ಅಂಗಡಿಯಿದೆ. ಅದನ್ನು ಹಾಕಿದವನು ಗಂಡ ಹೊನ್ನೂರಪ್ಪ. ಮಸ್ಕತ್ತಿಗೆ ವೆಲ್ಡಿಂಗ್ ಕೆಲಸಕ್ಕೆ ಹೊರಟಾಗ ಅವನು, "ಬಾಗಿಲಾ ಹಾಕಿಬಿಡು" ಅಂದಿದ್ದ. ಅವಳು ಹಾಕಲಿಲ್ಲ. ಮದುವೆಯಾದಾಗಿನಿಂದ ಅವನ ಪಕ್ಕ ನಿಂತು ಕಬ್ಬಿಣ ಹಿಡಿದವಳು. ಕೈಗೆ ಕೆಲಸ ಹತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಂಗಡಿ ಮುಚ್ಚಿದರೆ ಅವನು ಹೋದದ್ದು ಪಕ್ಕಾ ಆಗಿಬಿಡುತ್ತದೆ ಅನಿಸಿತ್ತು.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಡ್ರಿಲ್ಲಿಂಗ್ ಮಷೀನು ಕಾಟ ಕೊಡತೊಡಗಿತು. ತೂತು ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕು, ತಿರುಗುತ್ತಿದ್ದಂತೆಯೇ ಮೇಲಿನ ದಂಡದಿಂದ ಕಳಚಿ ದೊಪ್ಪನೆ ಬೀಳುವುದು. ಸುತ್ತಿಗೆಯಿಂದ ಬಡಿದು ಕೂರಿಸಿದರೂ ಮತ್ತೆ ಅದೇ ಗತಿ. ಗೇಟು ಮಾಡಿಸುತ್ತಿದ್ದ ಶಬ್ಬೀರಸಾಬ, "ಹೊಸಾದು ತರಸ್ರಿ ಅಕ್ಕಾರ" ಅಂದ. ಅವಳಿಗೆ ಮನಸ್ಸು ಬರಲಿಲ್ಲ.

ಮಧ್ಯಾಹ್ನ ಗಂಡನ ಊಟದ ಬಿಡುವು ನೋಡಿ ವಿಡಿಯೊ ಕಾಲ್ ಮಾಡಿದಳು.

"ದಂಡ ತೋರಿಸು," ಅಂದ ಹೊನ್ನೂರಪ್ಪ. "ಎಣ್ಣಿ ಹಚ್ಚೀಯೇನು?"

"ಹೂಂರಿ. ಮಳಿಗಿ ತುಕ್ಕು ಹಿಡೀತೈತಂತ."

"ಹುಚ್ಚಿ! ಅಲ್ಲಿ ಎಣ್ಣಿ ಮುಟ್ಟಿಸಬಾರ್ದು. ಕಬ್ಬಿಣಕ್ಕ ಕಬ್ಬಿಣಾನ ಹತ್ತಬೇಕು. ಥಿನ್ನರ್ ಹಾಕಿ ಒರಸು, ಚಕ್ಕಿನ ಒಳಗೂ."

ಒರೆಸಿ ಕೂರಿಸಿದಳು. ಇನ್ನೂ ಅಲುಗಾಡಿತು.

"ತಗದು, ದಂಡದ ಮ್ಯಾಲೆ ಉಗುರಾಡಿಸು."

ತುದಿಯ ಹತ್ತಿರ ಕೂದಲೆಳೆಯಷ್ಟು ಉಬ್ಬು ತಗುಲಿತು. ಅವಳದೇ ಸುತ್ತಿಗೆಯ ಪೆಟ್ಟಿನ ಗುರುತು. ಸಾಣೆಕಲ್ಲಿನಿಂದ ಮೆಲ್ಲಗೆ ಉಜ್ಜಿ ತೆಗೆದಳು. ಚಕ್ಕಿನ ಹಲ್ಲುಗಳನ್ನು ಪೂರ್ತಿ ಒಳಗೆಳೆದು, ಕಟ್ಟಿಗೆಯ ಕೊಡತಿಯಿಂದ ಕೆಳಗಿನಿಂದ ಒಂದು ಪೆಟ್ಟು ಕೊಟ್ಟಳು. ಅಷ್ಟರಲ್ಲಿ ಆ ಕಡೆ ಬಿಡುವು ಮುಗಿದ ಸೈರನ್ ಕೂಗಿತು. "ಹೊಂಟೆ" ಅಂದವನೇ ಫೋನು ಇಟ್ಟ.

ಚಕ್ಕು ನಿಂತಿತು. ಸಂಜೆಯೊಳಗೆ ಅವಳು ಗೇಟಿನ ತೂತುಗಳನ್ನೆಲ್ಲ ಕೊರೆದು ಮುಗಿಸಿದಳು. ಆದರೂ ಏನೋ ಖಾಲಿ ಖಾಲಿ. ದಿನಾ "ಉಂಡ್ರ್ಯಾ?" "ಉಂಡೆ" ಅನ್ನುವಷ್ಟರಲ್ಲಿ ಮಾತು ಮುಗಿದು ಹೋಗುತ್ತಿತ್ತು. ಇವತ್ತು ಎಷ್ಟು ಹೊತ್ತು ಮಾತಾಡಿದ್ದ! ಇನ್ನು ಅವನನ್ನು ಕೇಳುವುದಕ್ಕೆ ಏನು ಉಳಿಯಿತು?

ಶುಕ್ರವಾರ ರಜೆಯ ದಿನ ಅವನೇ ವಿಡಿಯೊ ಕಾಲ್ ಮಾಡಿದ.

"ಚಕ್ಕು ಮತ್ತ ಬಿತ್ತೇನು?"

"ಇಲ್ರಿ. ಗಟ್ಟಿ ಕುಂತೈತಿ."



"ಬಿದ್ದಿದ್ರ ಛಲೋ ಇತ್ತು," ಅಂದ ಹೊನ್ನೂರಪ್ಪ. "ಆವತ್ತ ಅಂಗಡ್ಯಾಗ ನಿನ್ನ ಬಾಜೂನ ನಿಂತಂಗ ಆಗಿತ್ತು ನನಗ."

ಸುರೇಖಾ ಇಷ್ಟು ದಿನ ನುಂಗಿಕೊಂಡಿದ್ದ ಮಾತು ತಾನಾಗಿಯೇ ಬಾಯಿಗೆ ಬಂತು.

"ಹಂಗಾದ್ರ ಬಂದುಬಿಡ್ರಿ. ಇಬ್ರಿಗೂ ಆಗೂವಷ್ಟು ಕೆಲಸ ಐತಿ ಇಲ್ಲಿ."

ಅವನು ಬರುತ್ತೇನೆ ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಗೇಟು ತೋರಿಸು" ಅಂದ.

ಶಬ್ಬೀರಸಾಬನ ಗೇಟು ಬಣ್ಣ ಒಣಗಲೆಂದು ಬಿಸಿಲಿನಲ್ಲಿ ನಿಂತಿತ್ತು. ಅವಳು ಫೋನು ಮುಂದೆ ಹಿಡಿದು ಅದರ ಉದ್ದಕ್ಕೂ ನಡೆದಳು, ಬೇಗ ಮುಗಿಯದಿರಲಿ ಎಂದು ನಿಧಾನವಾಗಿ.